ಅರವತ್ತನಾಲ್ಕು ಸಾವಿರ ಲೀಟರ್ ಎಲ್ಲಿಗೆ ಹೋಯಿತು?

ನಾಲ್ಕು ಮನೆಗೆ ಒಂದೇ ನೀರಿನ ಮೀಟರ್ ಇರುವ ಕಟ್ಟಡದಲ್ಲಿ ಬಿಲ್ಲು ಜಾಸ್ತಿ ಬಂತೆಂದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಪಕ್ಕದ ಮನೆಯವರ ಬಚ್ಚಲಿನ ಕಡೆಗೆ. 2023ರ ಅಕ್ಟೋಬರ್‌ನಲ್ಲಿ ನಮ್ಮಲ್ಲೂ ಹಾಗೇ ಆಯಿತು. ಬೆಂಗಳೂರಿನ ಕತ್ರಿಗುಪ್ಪೆಯಲ್ಲಿ ನಾವಿರುವುದು ಬಾಡಿಗೆಗೆ. ಕೆಳಗೆ ಓನರ್ ಅಂಕಲ್, ಆಂಟಿ. ಮೊದಲ ಮಹಡಿಯ ಒಂದು ಭಾಗದಲ್ಲಿ ನಾನು, ನಮ್ಮ ಯಜಮಾನರು, ಮಗ, ಅತ್ತೆ. ಎದುರು ಭಾಗದಲ್ಲಿ ಗದಗ, ಹಾವೇರಿ ಕಡೆಯಿಂದ ಬಂದು ಕೆಲಸಕ್ಕಿರುವ ನಾಲ್ಕು ಹುಡುಗರು. ಎರಡನೇ ಮಹಡಿಯಲ್ಲಿ ಗಂಡ ಹೆಂಡತಿ, ಹೆಂಡತಿಯ ತಾಯಿ, ಆರು ತಿಂಗಳ ಕೂಸು. ನೀರಿನ ಬಿಲ್ಲನ್ನು ತಲೆಗಿಷ್ಟು ಅಂತ ಹಂಚುವುದು ಮೊದಲಿನಿಂದ ಬಂದ ಪದ್ಧತಿ. ಕೂಸನ್ನು ಅರ್ಧ ತಲೆ ಅಂತ ಹಿಡಿದಿದ್ದರು. ಆ ಅರ್ಧ ತಲೆಯ ಬಗ್ಗೆಯೂ ಒಂದು ಸಣ್ಣ ಮುನಿಸು ಆಗಿ ಮುಗಿದಿತ್ತು.

ನಾನು ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುವವಳು. ಇಡೀ ದಿನ ಟ್ಯಾಲಿ ಬಡಿಯುವುದೇ ಕೆಲಸ. ಹಾಗಾಗಿ ಕಟ್ಟಡದಲ್ಲಿ ಏನೇ ಲೆಕ್ಕದ ತಕರಾರು ಬಂದರೂ ಕಾಗದ ನನ್ನ ಬಾಗಿಲಿಗೆ ಬರುತ್ತದೆ. ಆ ಬಿಲ್ಲೂ ಬಂತು. ಹಿಂದಿನ ರೀಡಿಂಗ್ 2216, ಈಗಿನದು 2320. ಮೀಟರಿನಲ್ಲಿ ಒಂದು ಅಂಕಿ ಮುಂದೆ ಹೋಯಿತು ಅಂದರೆ ಒಂದು ಕಿಲೋಲೀಟರ್, ಅಂದರೆ ಸಾವಿರ ಲೀಟರ್. ಒಂದೇ ತಿಂಗಳಿಗೆ ಒಂದು ಲಕ್ಷದ ನಾಲ್ಕು ಸಾವಿರ ಲೀಟರ್. ಹಿಂದಿನ ತಿಂಗಳು ಇದೇ ಜನ, ಇದೇ ನಲ್ಲಿ, ನಲವತ್ತು ಸಾವಿರ.

ದುಡ್ಡಿನ ಲೆಕ್ಕ ಇನ್ನೂ ಕೆಟ್ಟದಾಗಿತ್ತು. ಆಗ ಬೆಂಗಳೂರಿನಲ್ಲಿ ಇದ್ದದ್ದು 2014ರಲ್ಲಿ ನಿಗದಿಯಾದ ದರ. ಗೃಹಬಳಕೆಗೆ ಮೊದಲ ಎಂಟು ಸಾವಿರ ಲೀಟರಿಗೆ ಕಿಲೋಲೀಟರಿಗೆ 7 ರೂಪಾಯಿ, ಅಲ್ಲಿಂದ ಇಪ್ಪತ್ತೈದು ಸಾವಿರದವರೆಗೆ 11, ಐವತ್ತು ಸಾವಿರದವರೆಗೆ 26, ಅದರ ಮೇಲೆ 45. ನಲವತ್ತು ಸಾವಿರ ಲೀಟರ್ ಬಳಸಿದಾಗ ನೀರಿನ ಬಾಬ್ತು 633 ರೂಪಾಯಿ ಆಗುತ್ತಿತ್ತು. ಒಂದು ಲಕ್ಷದ ನಾಲ್ಕು ಸಾವಿರಕ್ಕೆ 3,323. ನೀರು ಏರಿದ್ದು ಎರಡೂವರೆ ಪಟ್ಟು, ದುಡ್ಡು ಏರಿದ್ದು ಐದು ಪಟ್ಟು. ಅದರ ಮೇಲೆ ಒಳಚರಂಡಿ ಶುಲ್ಕ, ಮೀಟರ್ ಶುಲ್ಕ ಸೇರಿ ಬಿಲ್ಲು ನಾಲ್ಕು ಸಾವಿರ ದಾಟಿತ್ತು. ಒಂದೇ ಮೀಟರಿನಲ್ಲಿ ಹಲವು ಸಂಸಾರ ಇದ್ದರೆ ಇದೇ ಗ್ರಹಚಾರ. ಒಂದೊಂದು ಮನೆಗೂ ಬೇರೆ ಬೇರೆ ಮೀಟರ್ ಇದ್ದಿದ್ದರೆ ನಮ್ಮ ನಲವತ್ತು ಸಾವಿರ ಲೀಟರ್ ಮನೆಗೆ ಹತ್ತು ಸಾವಿರದಂತೆ ಏಳು ಹನ್ನೊಂದು ರೂಪಾಯಿಯ ದರದಲ್ಲೇ ಮುಗಿಯುತ್ತಿತ್ತು. ಒಟ್ಟಿಗೆ ಹೊಲಿದ ಚೀಲ ಆದ್ದರಿಂದ ಎಲ್ಲರೂ ಸೇರಿ ಮೇಲಿನ ಸ್ಲ್ಯಾಬಿಗೆ, ಅಂದರೆ ದುಬಾರಿ ದರದ ಹಂತಕ್ಕೆ, ಹೋಗಿ ಬೀಳುತ್ತೇವೆ.

ಸಂಜೆ ಮೆಟ್ಟಿಲ ಹತ್ತಿರ ಪಂಚಾಯ್ತಿ. ಓನರ್ ಅಂಕಲ್ ಬೆರಳು ಹೋದದ್ದು ನೇರವಾಗಿ ಹುಡುಗರ ಕಡೆ. "ಬ್ಯಾಚುಲರ್ಸ್‌ಗೆ ಮನೆ ಕೊಡಬಾರದು ಅಂತ ನಮ್ಮಣ್ಣ ಆವತ್ತೇ ಹೇಳ್ದ. ನಲ್ಲಿ ಬಿಟ್ಬಿಟ್ಟು ಫೋನ್ ನೋಡ್ತಾ ನಿಲ್ತಾರೆ."

"ಅಂಕಲ್, ನಾವು ಮುಂಜಾನೆ ಏಳಕ್ಕ ಹೊಂಟ್ರ ರಾತ್ರಿ ಹತ್ತಕ್ಕ ಬರ್ತೀವಿ. ನಾವು ದಿನಾ ಜಳಕ ಮಾಡೂದ ದೊಡ್ಡ ಮಾತು," ಅಂದ ಅವರಲ್ಲೊಬ್ಬ. ಉಳಿದ ಮೂವರು ನಕ್ಕರು. ಅದೇ ತಪ್ಪಾಯಿತು. ಅಂಕಲ್‌ಗೆ ಇನ್ನಷ್ಟು ಸಿಟ್ಟು ಬಂತು.

ಆಂಟಿಯ ಅನುಮಾನ ಎರಡನೇ ಮಹಡಿಯ ವಾಷಿಂಗ್ ಮಿಷನ್ ಮೇಲೆ. ಕೂಸಿನ ಬಟ್ಟೆ ಅಂತ ದಿನಾ ಹಾಕುತ್ತಾರೆ, ಅದು ಮೇಲಿಂದ ಬಟ್ಟೆ ತುಂಬುವ ಮಿಷನ್ನು, ನೀರು ಕುಡಿದು ಹಾಕುತ್ತದೆ ಅಂತ. ಕೂಸಿನ ಅಜ್ಜಿ ಕಣ್ಣಲ್ಲಿ ನೀರು ತಂದುಕೊಂಡು ಒಳಗೆ ಹೋದರು. ನಮ್ಮ ಅತ್ತೆ ನನ್ನ ಕಿವಿಯಲ್ಲಿ, "ಅಂಗಳ ತೊಳೆಯೋಕೆ ಆಂಟಿ ಪೈಪ್ ಹಿಡಿದ್ರೆ ಅರ್ಧ ಗಂಟೆ, ಅದನ್ಯಾಕೆ ಯಾರೂ ಹೇಳಲ್ಲ?" ಅಂದರು. ಅದನ್ನು ನಾನು ಸಭೆಗೆ ತರಲಿಲ್ಲ.

ನನಗೆ ಅಲ್ಲಿ ನಿಂತಿದ್ದಾಗಲೇ ಒಂದು ವಿಷಯ ಹೊಂದಿಕೆ ಆಗಲಿಲ್ಲ. ಅಂಥ ಮಿಷನ್ನು ಒಂದು ಸಲ ಹಾಕಿದರೆ ನೂರು, ಹೆಚ್ಚೆಂದರೆ ನೂರೈವತ್ತು ಲೀಟರ್ ತೆಗೆದುಕೊಳ್ಳುತ್ತದೆ. ತಿಂಗಳು ಪೂರ್ತಿ ದಿನಾ ಹಾಕಿದರೂ ನಾಲ್ಕೂವರೆ ಸಾವಿರ. ಅಂಗಳಕ್ಕೆ ಒಂದು ಎರಡು ಸಾವಿರ ಹಿಡಿಯೋಣ. ಹುಡುಗರು ತಲೆಗೆ ದಿನಕ್ಕೆ ನೂರು ಲೀಟರ್ ಹೆಚ್ಚಿಗೆ ಸುರಿದುಕೊಂಡರು ಅಂತಲೇ ಇಟ್ಟುಕೊಳ್ಳಿ, ಹನ್ನೆರಡು ಸಾವಿರ. ಎಲ್ಲರ ಮೇಲಿನ ಎಲ್ಲ ಆರೋಪವನ್ನೂ ನಿಜ ಅಂತ ಒಪ್ಪಿಕೊಂಡರೂ ಇಪ್ಪತ್ತು ಸಾವಿರ ಮುಟ್ಟುವುದಿಲ್ಲ. ಹೆಚ್ಚಾಗಿರುವುದು ಅರವತ್ತನಾಲ್ಕು ಸಾವಿರ. ಮನುಷ್ಯರು ಬಚ್ಚಲಲ್ಲಿ ನಿಂತು ಇಷ್ಟು ನೀರು ಖರ್ಚು ಮಾಡಲು ಆಗುವುದಿಲ್ಲ. ಇದಕ್ಕೆ ನಿಲ್ಲದೆ ಹರಿಯುವ ಏನಾದರೂ ಬೇಕು.

ರೀಡಿಂಗ್ ಬರೆದುಕೊಂಡದ್ದೇ ತಪ್ಪಿರಬಹುದಲ್ಲ ಅಂತ ಮೊದಲು ಮೀಟರ್ ನೋಡಲು ಹೋದೆ. ಗೇಟಿನ ಪಕ್ಕ ನೆಲದೊಳಗೆ ಕಬ್ಬಿಣದ ಮುಚ್ಚಳದ ಗುಂಡಿ. ತೆಗೆದರೆ ಎರಡು ಜಿರಲೆ, ಒಣಗಿದ ಸಂಪಿಗೆ ಎಲೆ, ಅದರಡಿ ಮೀಟರಿನ ಗಾಜು. ಒಳಗೆ ಆವಿ ಕಟ್ಟಿ ಅಂಕಿ ಮಸುಕು. ಫೋನಿನ ಟಾರ್ಚನ್ನು ಓರೆಯಾಗಿ ಹಿಡಿದಾಗ ಓದಲು ಬಂತು. ಕಪ್ಪು ಅಂಕಿ 2324. ಬಿಲ್ಲು ಬರೆದ ಮೇಲೆ ಒಂದೆರಡು ದಿನ ಕಳೆದಿತ್ತಷ್ಟೆ. ಹಾಗಾಗಿ 2320 ಸರಿಯೇ ಇರಬೇಕು. ಕಪ್ಪು ಅಂಕಿಯನ್ನು ಮಾತ್ರ ಓದಬೇಕು, ಇದು ನೆನಪಿರಲಿ. ಕೆಂಪು ಮುಳ್ಳುಗಳು ಕಿಲೋಲೀಟರಿನ ಚೂರುಗಳು. ಅವುಗಳನ್ನೂ ಸೇರಿಸಿ ಓದಿ ಹತ್ತು ಪಟ್ಟು ಬಳಕೆ ಅಂತ ಗಾಬರಿಯಾದವರನ್ನು ನಾನು ಆಮೇಲೆ ನೋಡಿದ್ದೇನೆ.

ಆ ಕೆಂಪು ಮುಳ್ಳುಗಳ ಮಧ್ಯೆ ಒಂದು ಪುಟ್ಟ ನಕ್ಷತ್ರದಂಥ ಚಕ್ರ ಇರುತ್ತದೆ. ಒಂದು ತೊಟ್ಟು ನೀರು ಒಳಗೆ ಹರಿದರೂ ಅದು ತಿರುಗುತ್ತದೆ. ಯೂಟ್ಯೂಬಿನಲ್ಲಿ ಯಾರನ್ನು ಕೇಳಿದರೂ ಹೇಳುವುದು ಒಂದೇ ಉಪಾಯ: ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿ, ನಕ್ಷತ್ರ ನೋಡಿ, ತಿರುಗಿದರೆ ಸೋರಿಕೆ. ಹುಡುಗರಲ್ಲೊಬ್ಬ ಇದನ್ನು ನೋಡಿಕೊಂಡು ಬಂದು, ಭಾನುವಾರ ಬೆಳಿಗ್ಗೆ ನಾಲ್ಕೂ ಮನೆಯವರಿಂದ ನಲ್ಲಿ ಮುಚ್ಚಿಸಿ, ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. ನಕ್ಷತ್ರ ಅಲ್ಲಾಡಲಿಲ್ಲ. "ಸೋರಿಕಿ ಇಲ್ಲ ಅಕ್ಕಾರ, ಮೀಟರ್ರ ಕೆಟ್ಟೈತಿ" ಅಂತ ತೀರ್ಪು ಕೊಟ್ಟ.

ಆ ಉಪಾಯ ಹೊರದೇಶಕ್ಕೆ ಸರಿ. ಧಾರವಾಡದಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮನೆಗೂ ಸರಿ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ 2008ರಿಂದಲೇ ದಿನದ ಇಪ್ಪತ್ನಾಲ್ಕು ಗಂಟೆ ನೀರು ಬರುವ ವ್ಯವಸ್ಥೆ ಇದೆ. ಅವಳ ಮನೆಯ ನಲ್ಲಿಗೂ ಬೀದಿಯ ಪೈಪಿಗೂ ನಡುವೆ ಮೀಟರ್ ಒಂದೇ. ನಮ್ಮಲ್ಲಿ ಹಾಗಲ್ಲ. ಒಂದು ದಿನ ಬಿಟ್ಟು ಒಂದು ದಿನ ರಾತ್ರಿ ಕಾವೇರಿ ಬರುತ್ತದೆ, ಮೀಟರ್ ದಾಟಿ ಸಂಪು ಅನ್ನುವ ನೆಲದಡಿಯ ತೊಟ್ಟಿಗೆ ಬೀಳುತ್ತದೆ. ಅಲ್ಲಿಂದ ಮೋಟಾರು ಹಾಕಿ ಮೇಲಿನ ಟ್ಯಾಂಕಿಗೆ, ಟ್ಯಾಂಕಿನಿಂದ ಮನೆಗಳಿಗೆ. ಮೇಲೆ ನಲ್ಲಿ ಮುಚ್ಚಿದರೂ ತೆರೆದರೂ ಮೀಟರಿಗೆ ಗೊತ್ತೇ ಆಗುವುದಿಲ್ಲ. ನೀರು ಬಿಡದ ಭಾನುವಾರ ಬೆಳಿಗ್ಗೆ ನಕ್ಷತ್ರ ಯಾಕೆ ತಿರುಗಬೇಕು?

ಗಾಳಿಯ ವಾದವೂ ಬಂತು. ನೀರು ಬರುವ ಮೊದಲು ಪೈಪಿನಲ್ಲಿ ಸುಂಯ್ ಅಂತ ಗಾಳಿ ನುಗ್ಗುತ್ತದೆ, ಆ ಗಾಳಿಗೂ ಮೀಟರ್ ತಿರುಗುತ್ತದೆ, ಗಾಳಿಗೆ ದುಡ್ಡು ಕಟ್ಟುತ್ತಿದ್ದೇವೆ ಅಂತ. ಬಿಟ್ಟು ಬಿಟ್ಟು ನೀರು ಬರುವ ಕಡೆ ಈ ತೊಂದರೆ ಇರುವುದು ನಿಜ. ಆದರೆ ಗಾಳಿ ಪ್ರತಿ ತಿಂಗಳೂ ಬರುತ್ತದೆ. ಸೆಪ್ಟೆಂಬರ್‌ನಲ್ಲಿ ನಲವತ್ತಕ್ಕೆ ಸುಮ್ಮನಿದ್ದ ಗಾಳಿ ಅಕ್ಟೋಬರ್‌ನಲ್ಲಿ ನೂರಾನಾಲ್ಕಕ್ಕೆ ಏರುವುದಿಲ್ಲ.

ಆಗ ಹೊಳೆದದ್ದು ಕರೆಂಟ್ ಬಿಲ್ಲು. ನಮ್ಮ ಕಟ್ಟಡದಲ್ಲಿ ಮೋಟಾರಿಗೂ ಮೆಟ್ಟಿಲ ಲೈಟಿಗೂ ಸೇರಿ ಒಂದು ಕಾಮನ್ ಮೀಟರ್ ಇದೆ. ಆ ವರ್ಷ ಆಗಸ್ಟ್‌ನಿಂದ ಗೃಹಜ್ಯೋತಿ ಶುರುವಾಗಿ ಮನೆಗಳ ಬಿಲ್ಲೆಲ್ಲ ಸೊನ್ನೆ ಆಗಿದ್ದವು. ಸೊನ್ನೆ ಬಿಲ್ಲನ್ನು ಯಾರು ಎತ್ತಿಡುತ್ತಾರೆ? ಆದರೆ ಕಾಮನ್ ಮೀಟರಿಗೆ ಗೃಹಜ್ಯೋತಿ ಇಲ್ಲ. ಆದ್ದರಿಂದ ಓನರ್ ಅಂಕಲ್ ಆ ಬಿಲ್ಲುಗಳನ್ನು ನಮ್ಮಿಂದ ವಸೂಲಿಗೆ ಬೇಕಾಗುತ್ತದೆ ಅಂತ ಒಂದೂ ಬಿಡದೆ ಕ್ಲಿಪ್ ಹಾಕಿ ಜೋಪಾನ ಮಾಡಿದ್ದರು. ಕೇಳಿದೆ, ಕೊಟ್ಟರು. ನೀರು ನಲವತ್ತು ಸಾವಿರ ಲೀಟರ್ ಬಳಸಿದ ತಿಂಗಳು 31 ಯೂನಿಟ್. ಒಂದು ಲಕ್ಷದ ನಾಲ್ಕು ಸಾವಿರ ಬಳಸಿದೆವು ಅನ್ನುವ ತಿಂಗಳು 30.

ಇಷ್ಟು ಸಾಕಿತ್ತು ನನಗೆ. ಆ ಅರವತ್ತನಾಲ್ಕು ಸಾವಿರ ಲೀಟರ್ ಹುಡುಗರ ಬಚ್ಚಲಿಗೋ ಕೂಸಿನ ಬಟ್ಟೆಗೋ ಹೋಗಿದ್ದರೆ ಮೊದಲು ಮೇಲಿನ ಟ್ಯಾಂಕಿಗೆ ಏರಬೇಕಿತ್ತು. ಏರಿಸಲು ಮೋಟಾರು ಓಡಬೇಕಿತ್ತು. ಮೋಟಾರು ಓಡಿದ್ದರೆ ಯೂನಿಟ್ ಏರಬೇಕಿತ್ತು. ಏರಿಲ್ಲ. ಅಂದಮೇಲೆ ಆ ನೀರು ಮೇಲಕ್ಕೆ ಹೋಗೇ ಇಲ್ಲ. ಮೀಟರ್ ದಾಟಿದ ಮೇಲೆ, ಮೋಟಾರಿಗೆ ಮುಂಚೆ, ನೆಲದಡಿಯಲ್ಲೇ ಎಲ್ಲೋ ಮಾಯವಾಗಿದೆ. ಫ್ಲಶ್ ಟ್ಯಾಂಕ್ ಸೋರುತ್ತಿದೆಯಾ, ಗೀಸರ್ ಪೈಪ್ ಒಡೆದಿದೆಯಾ ಅಂತ ಯಾರ ಮನೆಯೊಳಗೂ ಹೋಗಿ ನೋಡುವ ಅಗತ್ಯವೇ ಇಲ್ಲ.

ಈ ಎರಡು ಬಿಲ್ಲನ್ನು ಪಕ್ಕಪಕ್ಕ ಇಟ್ಟು ನೋಡುವ ಕ್ರಮವನ್ನು ಸಂಪು ಮೋಟಾರು ಇರುವ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಮೋಟಾರಿನ ಯೂನಿಟ್ಟೂ ನೀರಿನ ಅಂಕಿಯೂ ಒಟ್ಟಿಗೆ ಏರಿದರೆ ಮೇಲೆ ಹುಡುಕಿ. ನೀರು ಮಾತ್ರ ಏರಿದರೆ ಕೆಳಗೆ. ಮೋಟಾರಿಗೆ ಬೇರೆ ಮೀಟರ್ ಇಲ್ಲದಿದ್ದರೂ ಅಡ್ಡಿಯಿಲ್ಲ. ಮೊದಲು ದಿನಕ್ಕೆ ಎಷ್ಟು ಹೊತ್ತು ಹಾಕುತ್ತಿದ್ದಿರಿ, ಈಗ ಎಷ್ಟು ಹೊತ್ತು ಅನ್ನುವುದು ಮನೆಯಲ್ಲಿ ಸ್ವಿಚ್ ಹಾಕುವವರಿಗೆ ಗೊತ್ತಿರುತ್ತದೆ.

ನಮ್ಮ ಬೀದಿಗೆ ನೀರು ಬಿಡುವ ವಾಲ್ವ್‌ಮನ್ ಸಂಜೆ ಟೀ ಅಂಗಡಿಯಲ್ಲಿ ಸಿಗುತ್ತಾರೆ. ನೀರು ರಾತ್ರಿ ಹತ್ತಕ್ಕೆ ಬಂದು ಬೆಳಗಿನ ಜಾವ ನಾಲ್ಕರವರೆಗೂ ಇರುತ್ತದೆ ಅಂದರು. ಸಂಪು ತುಂಬಿದ ಮೇಲೆ ನೀರು ನಿಲ್ಲಿಸುವುದು ಒಳಗಿನ ಬಾಲ್ ಕಾಕ್ ಕೆಲಸ. ನೀರು ಮೇಲೆ ಬಂದಂತೆ ಚೆಂಡು ತೇಲಿ, ಸರಳನ್ನು ಎತ್ತಿ, ಪೈಪಿನ ಬಾಯಿ ಮುಚ್ಚುತ್ತದೆ. ಅಂಕಲ್‌ಗೆ ಹೇಳಿದೆ. ಅವರು, "ಸಂಪು ತುಂಬಿ ಹರಿದಿದ್ರೆ ಅಂಗಳ ಒದ್ದೆ ಆಗ್ಬೇಕಲ್ಲಮ್ಮ? ಒಂದು ದಿನಾನೂ ಒದ್ದೆ ಆಗಿಲ್ಲ" ಅಂದರು. ಆ ಮಾತಿಗೆ ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮುಂದಿನ ನೀರಿನ ರಾತ್ರಿ ಒಂದೂವರೆ ಹೊತ್ತಿಗೆ ನಮ್ಮ ಯಜಮಾನರೂ ಎದುರುಮನೆ ಹುಡುಗನೂ ಸೇರಿ, ಅಂಕಲ್ ಸ್ಕೂಟರನ್ನು ಸರಿಸಿ ಸಂಪಿನ ಮುಚ್ಚಳ ಎತ್ತಿದರು. ನಾನು ಟಾರ್ಚ್ ಹಿಡಿದೆ. ಸಂಪು ತುಂಬಿತ್ತು. ಒಳಹರಿವಿನ ಪೈಪಿನಿಂದ ನೀರು ಇನ್ನೂ ಧೋ ಅಂತ ಬೀಳುತ್ತಲೇ ಇತ್ತು. ಮಟ್ಟ ಮಾತ್ರ ಒಂದು ಬೆರಳೂ ಏರುತ್ತಿರಲಿಲ್ಲ. ಎದುರಿನ ಗೋಡೆಯಲ್ಲಿ, ಮುಚ್ಚಳದಿಂದ ಒಂದು ಗೇಣು ಕೆಳಗೆ, ಓವರ್‌ಫ್ಲೋ ಪೈಪಿನ ಬಾಯಿ. ನೀರು ಸದ್ದೇ ಇಲ್ಲದೆ, ಎಣ್ಣೆ ಜಾರಿದ ಹಾಗೆ ಅದರೊಳಕ್ಕೆ ಇಳಿದು ಹೋಗುತ್ತಿತ್ತು. ಬಾಲ್ ಕಾಕಿನ ಬಿಳಿ ಚೆಂಡು ತೇಲುವ ಬದಲು ನೀರಿನೊಳಗೆ ಮುಳುಗಿ ಜೋತುಬಿದ್ದಿತ್ತು. ಹುಡುಗ ಓಡಿ ಹೋಗಿ ಮೀಟರ್ ಗುಂಡಿ ತೆಗೆದು ನೋಡಿ, "ಅಕ್ಕಾರ, ಚುಕ್ಕಿ ಬುಗುರಿ ಆಗೇತ್ರೀ!" ಅಂತ ಕೂಗಿದ. ಆಂಟಿ ಎದ್ದು ಬಂದರು. ಸ್ವಲ್ಪ ಹೊತ್ತಿಗೆ ಅಂಕಲ್ಲೂ ಬಂದರು.

ಆ ಪೈಪು ಎಲ್ಲಿಗೆ ಹೋಗುತ್ತದೆ ಅಂತ ಅಂಕಲ್‌ಗೇ ಮರೆತುಹೋಗಿತ್ತು. ಆಂಟಿಗೆ ನೆನಪಿತ್ತು. ಪಾರ್ಕಿಂಗಿಗೆ ಟೈಲ್ಸ್ ಹಾಕಿಸಿದಾಗ ಗೋಡೆಯಿಂದ ಹೊರಗೆ ಚಾಚಿಕೊಂಡಿದ್ದ ಪೈಪು ಚೆಂದ ಕಾಣಲ್ಲ ಅಂತ ಮೇಸ್ತ್ರಿ ಅದನ್ನು ನೆಲದೊಳಗೇ ಮಳೆನೀರಿನ ಚೇಂಬರಿಗೆ ಜೋಡಿಸಿಬಿಟ್ಟಿದ್ದ. ಅಲ್ಲಿಂದ ಬೀದಿಯ ಚರಂಡಿಗೆ. ತುಂಬಿ ಹರಿದರೂ ಅಂಗಳಕ್ಕೆ ಒಂದು ಹನಿ ಬೀಳದ ಗುಟ್ಟು ಇದು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ದೊಡ್ಡ ದೋಷ ಚೆಂಡಿನದ್ದಲ್ಲ, ಆ ಚೆಂದದ್ದು. ಚೆಂಡು ಇವತ್ತಲ್ಲ ನಾಳೆ ಕೆಡುವ ವಸ್ತು. ಓವರ್‌ಫ್ಲೋ ಪೈಪಿನ ಬಾಯಿ ಕಣ್ಣಿಗೆ ಬೀಳುವ ಹಾಗೆ, ನಡೆಯುವವರ ಕಾಲಿಗೆ ನೀರು ಸಿಡಿಯುವ ಹಾಗೇ ಇರಬೇಕು.

ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪ್ ಮಾಡಿ ತರುವ ನೀರು ಇದು. ನಮ್ಮ ಕಡೆಯ ಚರಂಡಿ ಹೋಗಿ ಸೇರುವುದು ವೃಷಭಾವತಿಗೆ. ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಮತ್ತೆ ಕಾವೇರಿಗೆ. ಅಷ್ಟೆಲ್ಲ ಕರೆಂಟು ಸುಟ್ಟು ಬೆಟ್ಟ ಹತ್ತಿಸಿ ತಂದ ಹೊಳೆಯನ್ನು ನಾವು ಸಂಪಿನಲ್ಲಿ ಒಂದು ಸುತ್ತು ಹಾಕಿಸಿ, ಕೊಳೆಯ ಜೊತೆಗೆ ವಾಪಸ್ ಕಳಿಸುತ್ತಿದ್ದೆವು, ಕಿಲೋಲೀಟರಿಗೆ 45 ರೂಪಾಯಿ ಕೊಟ್ಟು.

ಬೆಳಿಗ್ಗೆ ಪ್ಲಂಬರ್ ಬಂದರು. ವಯಸ್ಸಾದವರು, ಅವಸರ ಇಲ್ಲ. ಚೆಂಡು ಬಿಚ್ಚಿ ತೆಗೆದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಗುಳುಗುಳು. ಪ್ಲಾಸ್ಟಿಕ್‌ನ ಎರಡು ಹೋಳನ್ನು ಅಂಟಿಸಿದ ಕಡೆ ಕೂದಲೆಳೆಯಷ್ಟು ಬಿರುಕು. ಒಳಗೆ ಮುಕ್ಕಾಲು ಪಾಲು ನೀರು ತುಂಬಿ ಚೆಂಡು ಭಾರವಾಗಿದೆ. "ಇದಕ್ಕೇನಾ ಇಷ್ಟು ಗಲಾಟೆ?" ಅಂತ ಅಂಕಲ್ ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಹೊಸದಕ್ಕೆ, ಕೂಲಿಗೆ ಸೇರಿ ಆದದ್ದು ಕೆಲವು ನೂರು ರೂಪಾಯಿ. ಮಳೆನೀರಿನ ಚೇಂಬರಿನಿಂದ ಪೈಪು ಬಿಡಿಸಿ ಗೋಡೆಯ ಹೊರಗೆ ತಂದದ್ದಕ್ಕೆ ಮಾತ್ರ ಎರಡು ಟೈಲ್ಸ್ ಒಡೆಯಬೇಕಾಯಿತು. ಆಂಟಿಗೆ ಅದರ ಬೇಸರ ಇವತ್ತಿಗೂ ಇದೆ.

ಬಿಲ್ಲು ಕಡಿಮೆ ಮಾಡುತ್ತಾರೇನೋ ಅಂತ ಅಂಕಲ್ ಜೊತೆ ಜಲಮಂಡಳಿಯ ಸೇವಾ ಠಾಣೆಗೂ ಹೋಗಿ ಬಂದೆವು. ಮೀಟರ್ ಮೇಲೆ ಅನುಮಾನ ಇದ್ದರೆ ಪರೀಕ್ಷೆಗೆ ಬರೆದುಕೊಡಿ ಅಂದರು. ಅನುಮಾನ ಇರಲಿಲ್ಲ. ಮೀಟರ್ ದಾಟಿ ಬಂದ ನೀರು ನಮ್ಮ ನೀರೇ. ಅದನ್ನು ಕುಡಿದೆವೋ ಚರಂಡಿಗೆ ಬಿಟ್ಟೆವೋ ಅದು ಅವರಿಗೆ ಸಂಬಂಧವಿಲ್ಲ. ನ್ಯಾಯವೇ.

ನಿಜವಾದ ವ್ಯಾಜ್ಯ ಶುರುವಾದದ್ದು ಇಲ್ಲಿಂದ. ಕಳ್ಳ ಸಿಕ್ಕ, ದಂಡ ಯಾರು ಕಟ್ಟಬೇಕು? ಅಂಕಲ್ ಎಂದಿನಂತೆ ತಲೆಗಿಷ್ಟು ಅಂತ ಬರೆದ ಚೀಟಿಯನ್ನು ಬಾಗಿಲುಗಳಿಗೆ ಕಳಿಸಿದರು. ನಾನು ಚೀಟಿ ವಾಪಸ್ ಮಾಡಿದೆ. ನನ್ನ ಲೆಕ್ಕ ಸರಳ. ನಾವು ಬಳಸುವುದು ನಲವತ್ತು ಸಾವಿರ, ಅದಕ್ಕೆ 633 ರೂಪಾಯಿ, ಅದನ್ನು ತಲೆಗಿಷ್ಟು ಅಂತ ಕೊಡುತ್ತೇವೆ. ಉಳಿದ 2,690 ಸಂಪಿನದ್ದು. ಸಂಪು ಕಟ್ಟಡದ್ದು, ಕಟ್ಟಡ ಓನರದ್ದು.

"ನಾನೇನು ಆ ನೀರು ಕುಡುದ್ನೇನಮ್ಮ?"

"ನಾವೂ ಕುಡಿದಿಲ್ಲ ಅಂಕಲ್."

"ಮನೇಲಿ ಬಲ್ಬ್ ಹೋದ್ರೆ ಯಾರು ಹಾಕ್ಕೋತೀರ? ನೀವೇ ತಾನೆ?"

"ಬಲ್ಬ್ ನಮ್ಮ ಮನೆ ಒಳಗಿದೆ, ಕೆಟ್ರೆ ನಮಗೆ ಕಾಣುತ್ತೆ. ಸಂಪಿನ ಮುಚ್ಚಳದ ಮೇಲೆ ನಿಮ್ಮ ಸ್ಕೂಟರ್ ಇದೆ."

ಯಜಮಾನರು ನನ್ನ ಕಡೆ ಕಣ್ಣು ಬಿಟ್ಟರು. ಇನ್ನೇನು ಅಗ್ರಿಮೆಂಟ್ ಹೊಸದು ಮಾಡುವ ಸಮಯ, ಬಾಡಿಗೆ ಏರಿಸಿಬಿಟ್ಟರೆ ಅನ್ನುವ ಚಿಂತೆ ಅವರಿಗೆ. (ಬಾಡಿಗೆ ಏರಿತು. ಏರದ ವರ್ಷ ಯಾವುದಿದೆ?) ಕೊನೆಗೆ ತೀರ್ಮಾನ ಮಾಡಿದ್ದು ಆಂಟಿ. ಹೆಚ್ಚುವರಿಯಲ್ಲಿ ಅರ್ಧ ಓನರ್, ಅರ್ಧ ಬಾಡಿಗೆದಾರರು, ಬಾಡಿಗೆದಾರರ ಅರ್ಧ ಮನೆಗಿಷ್ಟು ಅಂತ ಸಮ, ತಲೆ ಎಣಿಸುವುದು ಬೇಡ. ಅದು ಪೂರ್ತಿ ನ್ಯಾಯ ಅಂತ ನನಗೆ ಅನಿಸಲಿಲ್ಲ. ಆದರೆ ಅವತ್ತು ಆಂಟಿ ಎರಡನೇ ಮಹಡಿಗೆ ಹೋಗಿ ಕೂಸಿನ ಅಜ್ಜಿಯ ಹತ್ತಿರ ಅರ್ಧ ಗಂಟೆ ಕೂತು ಬಂದರು. ಹುಡುಗರಿಗೆ ಅಂಕಲ್ ಏನೂ ಹೇಳಲಿಲ್ಲ. ಬೈದಷ್ಟು ಸಲೀಸಾಗಿ ಆ ಮಾತು ಅವರ ಬಾಯಿಗೆ ಬರುವುದಿಲ್ಲ.

ಮುಂದಿನ ಬಿಲ್ಲು ಎಪ್ಪತ್ತೊಂದು ಸಾವಿರ ಲೀಟರ್ ಬಂತು. ಚೆಂಡು ಬದಲಾಯಿಸಿದ್ದು ತಿಂಗಳ ನಡುವೆ ಆದ್ದರಿಂದ ಅಲ್ಲಿಯವರೆಗೆ ಹರಿದದ್ದೂ ಅದರಲ್ಲಿತ್ತು. ರಿಪೇರಿ ಆದಮೇಲೂ ಜಾಸ್ತಿ ಬಂತು ಅಂತ ಮತ್ತೆ ಹುಡುಗರ ಬಾಗಿಲು ಬಡಿಯುವ ಮೊದಲೇ ಅಂಕಲ್‌ಗೆ ಇದನ್ನು ಹೇಳಿಟ್ಟಿದ್ದೆ. ಸೋರಿಕೆ ನಿಲ್ಲಿಸಿದ ದಿನ ಮೀಟರಿನ ಒಂದು ಫೋಟೋ ಹೊಡೆದಿಟ್ಟುಕೊಂಡರೆ ಇಂಥ ಕಡೆ ಬಾಯಿ ಮಾತಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಈ ಸುದ್ದಿ ಆಫೀಸಿನಲ್ಲಿ ಹಬ್ಬಿದ ಮೇಲೆ ಊಟದ ಹೊತ್ತಿಗೆ ನನ್ನ ಮುಂದೆ ನೀರಿನ ಬಿಲ್ಲು ಹಿಡಿದು ಬರುವವರು ಹೆಚ್ಚಾದರು. ಒಬ್ಬರ ಬಿಲ್ಲಿನಲ್ಲಿ ನೀರು ಮಾಮೂಲಿ, ಮೊತ್ತ ಮಾತ್ರ ಒಂದೂವರೆ ಪಟ್ಟು. ನೋಡಿದರೆ ಮಳೆನೀರು ಕೊಯ್ಲು ಮಾಡಿಸಿಲ್ಲ ಅಂತ ದಂಡದ ಸಾಲು. ಬೆಂಗಳೂರಿನಲ್ಲಿ 2009ರಿಂದ ಅದು ಕಡ್ಡಾಯ. ಅರವತ್ತು ನಲವತ್ತರ ಸೈಟಿನ ಹಳೇ ಮನೆಗಳಿಗೂ ಅನ್ವಯಿಸುತ್ತದೆ. ಬಿಲ್ಲಿನ ಒಟ್ಟು ಮೊತ್ತ ನೋಡಿ ಹೌಹಾರುವ ಮೊದಲು ಒಂದೊಂದು ಸಾಲನ್ನೂ ಓದಿ ಅನ್ನುವುದು ಇದಕ್ಕೇ. ನೀರು ಏರಿದೆಯೋ, ಶುಲ್ಕ ಏರಿದೆಯೋ, ಹಳೇ ಬಾಕಿ ಸೇರಿದೆಯೋ? ಮೂರಕ್ಕೂ ಮದ್ದು ಬೇರೆ ಬೇರೆ.

ಇನ್ನೊಂದು ಬಗೆ, ಗೇಟಿಗೆ ಬೀಗ ಇದ್ದದ್ದರಿಂದ ರೀಡಿಂಗ್ ಸಿಗದೆ ಒಂದೆರಡು ತಿಂಗಳು ಸರಾಸರಿ ಬಿಲ್ಲು ಬಂದು, ಆಮೇಲೆ ಒಟ್ಟಿಗೆ ನಿಜವಾದ ಅಂಕಿ ಬರುವುದು. ಇದರಲ್ಲಿ ಒಂದು ಸೂಕ್ಷ್ಮ ಇದೆ. ತಿಂಗಳಿಗೆ ಹದಿನೆಂಟು ಸಾವಿರ ಲೀಟರ್ ಬಳಸುವ ಮನೆಗೆ ಆ ಹಳೇ ದರದಲ್ಲಿ ತಿಂಗಳಿಗೆ 166 ರೂಪಾಯಿ, ಮೂರು ತಿಂಗಳಿಗೆ 498. ಅದೇ ಐವತ್ನಾಲ್ಕು ಸಾವಿರ ಲೀಟರನ್ನು ಒಂದೇ ತಿಂಗಳ ಬಳಕೆ ಅಂತ ಹಿಡಿದರೆ 1,073. ಒಂದು ಹನಿಯೂ ಹೆಚ್ಚು ಬಳಸದೆ ಎರಡು ಪಟ್ಟಿಗಿಂತ ಮೇಲೆ. ಅಂಥ ಬಿಲ್ಲು ಬಂದರೆ ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ (ನಿಮ್ಮ ಸಂಪರ್ಕದ ಸಂಖ್ಯೆ) ಹಾಕಿ, ಹಿಂದಿನ ಬಿಲ್ಲುಗಳ ಜೆರಾಕ್ಸ್ ಜೊತೆಗಿಟ್ಟು, ಬಳಕೆಯನ್ನು ತಿಂಗಳುಗಳಿಗೆ ಹಂಚಿ ಸ್ಲ್ಯಾಬ್ ಹಾಕಿ ಅಂತ ಕೇಳಿ. ಬರೀ "ಜಾಸ್ತಿ ಬಂದಿದೆ ಸಾರ್" ಅಂತ ಹೋಗಿ ನಿಂತರೆ ಎದುರಿನವರಿಗೂ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಫೋನ್ ಮಾಡುವವರಿಗೆ ಜಲಮಂಡಳಿಯ 1916 ಇದೆ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಮರುವರ್ಷ, 2024ರ ಮಾರ್ಚ್‌ನಲ್ಲಿ, ಊರಿಗೆ ಊರೇ ನೀರಿಲ್ಲದೆ ಒದ್ದಾಡಿತು. ಕುಡಿಯುವ ನೀರಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ ಅಂದರು. ಖಾಸಗಿ ಟ್ಯಾಂಕರಿಗೆ ಜಿಲ್ಲಾಡಳಿತ ದರ ಕಟ್ಟಿತು: ಐದು ಕಿಲೋಮೀಟರ್ ಒಳಗೆ ಆರು ಸಾವಿರ ಲೀಟರಿಗೆ 600 ರೂಪಾಯಿ. ನಮ್ಮ ಅತ್ತೆ ಟಿವಿ ನೋಡುತ್ತಾ, "ನಮ್ಮ ಸಂಪಿಂದ ಹೋಗಿದ್ದು ಎಷ್ಟು ಟ್ಯಾಂಕರ್ ಆಗುತ್ತೆ ಹೇಳೇ" ಅಂದರು. ಹತ್ತಕ್ಕೂ ಮೇಲೆ. ಅಂಕಲ್‌ಗೆ ಈ ಲೆಕ್ಕ ಹೇಳಬೇಡಿ ಅಂದೆ. ಅವರು ಆಗಲೇ ಹೇಳಿ ಬಂದಿದ್ದರು.

ಈಗ ದರವೂ ಬದಲಾಗಿದೆ. ಹತ್ತು ವರ್ಷಕ್ಕೂ ಮೇಲೆ ಮುಟ್ಟದೆ ಇದ್ದದ್ದನ್ನು 2025ರ ಏಪ್ರಿಲ್‌ನಲ್ಲಿ ಏರಿಸಿದರು. ಗೃಹಬಳಕೆಗೆ ಹಳೇ ದರದ ಮೇಲೆ ಏರಿದ್ದು ಕೆಳಗಿನ ಸ್ಲ್ಯಾಬಿಗೆ ಲೀಟರಿಗೆ 0.15 ಪೈಸೆ, ಮೇಲಿನದಕ್ಕೆ ಒಂದು ಪೈಸೆ. ಕೇಳಲು ಪೈಸೆ. ಆದರೆ ಲೀಟರಿಗೆ ಒಂದು ಪೈಸೆ ಅಂದರೆ ಕಿಲೋಲೀಟರಿಗೆ ಹತ್ತು ರೂಪಾಯಿ. ಇನ್ನು ಪ್ರತಿ ವರ್ಷ ಏಪ್ರಿಲ್‌ಗೆ ಶೇಕಡಾ 3 ಏರುತ್ತಾ ಹೋಗುತ್ತದೆಯಂತೆ. ಹಾಗಾಗಿ ಏಪ್ರಿಲ್ ದಾಟಿದ ಬಿಲ್ಲನ್ನು ಮಾರ್ಚ್ ಬಿಲ್ಲಿನ ಪಕ್ಕ ಇಡುವಾಗ ರೂಪಾಯಿ ಹೋಲಿಸಬೇಡಿ, ಲೀಟರ್ ಹೋಲಿಸಿ.

ಹನ್ನೊಂದು ತಿಂಗಳ ಅಗ್ರಿಮೆಂಟ್ ಹೊಸದು ಮಾಡುವಾಗ ನಾನು ಒಂದು ಸಾಲು ಸೇರಿಸಿದೆ. ಮೀಟರಿನಿಂದ ಮೇಲಿನ ಟ್ಯಾಂಕಿನವರೆಗಿನ ಸೋರಿಕೆ ಮಾಲೀಕರದ್ದು, ಟ್ಯಾಂಕಿನಿಂದ ಮನೆಯೊಳಗಿನದು ಬಾಡಿಗೆದಾರರದ್ದು. ಅಂಕಲ್ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಸಹಿ ಹಾಕುವ ಮೊದಲು ತಮ್ಮದೂ ಒಂದು ಸಾಲು ಬರೆಸಿದರು: ಬಾಡಿಗೆದಾರರು ತಿಂಗಳಿಗೊಮ್ಮೆ ಸಂಪಿನ ಮುಚ್ಚಳ ತೆಗೆದು ಚೆಂಡು ನೋಡತಕ್ಕದ್ದು. ಮುಚ್ಚಳ ಎತ್ತಲು ಇಬ್ಬರು ಗಂಡಸರು ಬೇಕು. ಸದ್ಯಕ್ಕೆ ಆ ಕೆಲಸ ಹುಡುಗರ ಪಾಲಿಗೆ ಬಂದಿದೆ. ನೀರಿನ ಬಿಲ್ಲಿನಲ್ಲಿ ತಮಗೆ ಏನಾದರೂ ರಿಯಾಯಿತಿ ಕೊಡಬೇಕು ಅಂತ ಅವರು ಕೇಳುತ್ತಿದ್ದಾರೆ. ಅಂಕಲ್ ಇನ್ನೂ ಒಪ್ಪಿಲ್ಲ.